ಲೋಕನಾಯಕ ಜಯಪ್ರಕಾಶರೂ ಅವರ ಮೂತ್ರಪಿಂಡಗಳೂ

ಮಹಾಪುರುಷರ ಚರಿತ್ರೆಯನ್ನು ಓದುವಾಗ ನಾವು ಅವರ ಧೈರ್ಯವನ್ನು, ತ್ಯಾಗವನ್ನು, ವಿದ್ವತ್ತನ್ನು ಕೊಂಡಾಡುತ್ತೇವೆ. ಇವೆಲ್ಲವನ್ನೂ ಹೊತ್ತು ನಡೆದ ಅವರ ಶರೀರವನ್ನು ಮಾತ್ರ ಮರೆತುಬಿಡುತ್ತೇವೆ. ಆದರೆ ಶರೀರವು ಕೈಬಿಟ್ಟ ಮೇಲೆಯೂ ಮನುಷ್ಯನು ತನ್ನ ಕರ್ತವ್ಯವನ್ನು ಎಷ್ಟರ ಮಟ್ಟಿಗೆ ಮಾಡಬಲ್ಲನೆಂಬುದಕ್ಕೆ ನಮ್ಮ ಈ ಮುಂಬಯಿ ನಗರವೇ ಒಮ್ಮೆ ಸಾಕ್ಷಿಯಾಯಿತು. 1975ನೆಯ ಇಸವಿ ನವೆಂಬರ್ 22ರಂದು ಪೆಡ್ಡರ್ ರಸ್ತೆಯ ಜಸ್‌ಲೋಕ್ ಆಸ್ಪತ್ರೆಗೆ 73 ವರುಷದ ವೃದ್ಧರೊಬ್ಬರನ್ನು ಕರೆತಂದರು. ಹತ್ತು ದಿನಗಳ ಹಿಂದಿನವರೆಗೆ ಅವರು ಸರಕಾರದ ಬಂದಿಯಾಗಿದ್ದರು. ಅವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದುವು. ಇನ್ನು ಕೆಲವೇ ದಿನಗಳ ಅತಿಥಿಯೆಂದು ಅನೇಕರು ಭಾವಿಸಿದ್ದ ಆ ಮನುಷ್ಯನು ಅನಂತರ ನಾಲ್ಕು ವರುಷಕ್ಕೆ ಸ್ವಲ್ಪ ಕಡಿಮೆ ಕಾಲ ಬದುಕಿದ್ದು, ಅಷ್ಟರಲ್ಲಿ ಭಾರತದ ರಾಜಕೀಯದ ದಿಕ್ಕನ್ನೇ ಬದಲಿಸಿದರು. ಅವರೇ ಲೋಕನಾಯಕ ಜಯಪ್ರಕಾಶ ನಾರಾಯಣರು.

ನಮ್ಮ ವಾಚಕರಲ್ಲಿ ಬಹುಮಂದಿ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವವರು. ಜಯಪ್ರಕಾಶರ ಜೀವನದಲ್ಲಿ ಅವರು ತಿಳಿಯಬೇಕಾದ ಸಂಗತಿಗಳು ಎರಡಿವೆ. ಮೊದಲನೆಯದು, ಈ ನಾಯಕನೂ ತನ್ನ ಯೌವನದಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದವನೇ ಎಂಬುದು. ಎರಡನೆಯದು, ನಮ್ಮೆಲ್ಲರ ಬೆನ್ನಿನ ಒಳಭಾಗದಲ್ಲಿ ಹಗಲಿರುಳೂ ಸದ್ದಿಲ್ಲದೆ ದುಡಿಯುತ್ತಿರುವ ಎರಡು ಪುಟ್ಟ ಅಂಗಗಳು ನಿಂತುಹೋದರೆ ಏನಾಗುವುದೆಂಬುದು.

ಗಂಗಾತೀರದ ಬಾಲಕ

1902ನೆಯ ಇಸವಿ ಅಕ್ಟೋಬರ್ 11ರಂದು ಬಿಹಾರದ ಸಿತಾಬ್ ದಿಯಾರಾ ಎಂಬ ಗ್ರಾಮದಲ್ಲಿ ಜಯಪ್ರಕಾಶರು ಜನ್ಮವೆತ್ತಿದರು. ಗಂಗಾ ಮತ್ತು ಘಾಘ್ರಾ ನದಿಗಳು ಕೂಡುವ ಆ ಪ್ರದೇಶದಲ್ಲಿ ನೆರೆ ಬಂದು ಊರು ಕೊಚ್ಚಿಹೋಗುವುದು, ಜನರು ಪುನಃ ಮನೆ ಕಟ್ಟಿಕೊಳ್ಳುವುದು ವಾಡಿಕೆಯ ಮಾತು. ತಂದೆ ಹರ್ಸು ದಯಾಳರು ಕಾಲುವೆ ಇಲಾಖೆಯಲ್ಲಿ ಸಾಮಾನ್ಯ ಅಧಿಕಾರಿಗಳು. ತಾಯಿ ಫೂಲ್ ರಾಣಿ ದೇವಿ. ಒಂಬತ್ತನೆಯ ವಯಸ್ಸಿನಲ್ಲಿ ಬಾಲಕನು ಊರು ಬಿಟ್ಟು ಪಟ್ನಾದ ಶಾಲೆಗೆ ಸೇರಿದನು. ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು ಎಂಬಂತಹ ಸ್ವಭಾವ ಅವನದು.

1920ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರಿಗೆ ಪ್ರಭಾವತಿಯವರೊಡನೆ ವಿವಾಹವಾಯಿತು. ಚಂಪಾರಣ್ಯದ ಹೋರಾಟದಲ್ಲಿ ಗಾಂಧೀಜಿಯವರಿಗೆ ನೆರವಾದ ವಕೀಲ ಬ್ರಜಕಿಶೋರ ಪ್ರಸಾದರ ಮಗಳು ಆಕೆ. ಮುಂದಿನ ವರುಷವೇ ಅಸಹಕಾರ ಚಳವಳಿಯ ಕರೆ ಬಂದಿತು. ಮೌಲಾನಾ ಆಜಾದರ ಭಾಷಣವನ್ನು ಕೇಳಿ, ಪರೀಕ್ಷೆಗೆ ಇನ್ನು ಕೆಲವೇ ದಿನಗಳಿರುವಾಗ, ಜಯಪ್ರಕಾಶರು ಸರಕಾರಿ ನೆರವಿನ ಕಾಲೇಜನ್ನು ತೊರೆದು ಹೊರಬಂದರು.

ತಟ್ಟೆ ತೊಳೆದ ವಿದ್ಯಾರ್ಥಿ

ಓದುವ ಹಂಬಲ ಮಾತ್ರ ಅಡಗಲಿಲ್ಲ. ಬ್ರಿಟಿಷರ ಹಂಗಿಲ್ಲದೆ ಓದಬೇಕೆಂದು ಅವರು ಅಮೆರಿಕದ ಹಾದಿ ಹಿಡಿದರು. 1922ನೆಯ ಇಸವಿ ಅಕ್ಟೋಬರ್ 8ರಂದು, ಇಪ್ಪತ್ತು ವರುಷ ತುಂಬಲು ಮೂರು ದಿನಗಳಿರುವಾಗ, ಕ್ಯಾಲಿಫೋರ್ನಿಯಾದ ನೆಲದ ಮೇಲೆ ಕಾಲಿಟ್ಟರು. ಮನೆಯಿಂದ ಹಣ ತರಿಸುವಷ್ಟು ಅನುಕೂಲ ಇರಲಿಲ್ಲ. ದ್ರಾಕ್ಷಿಯ ತೋಟಗಳಲ್ಲಿ ಕೂಲಿ, ಹಣ್ಣಿನ ಡಬ್ಬಿ ಕಟ್ಟುವ ಕಾರಖಾನೆಯಲ್ಲಿ ಕೆಲಸ, ಗ್ಯಾರೇಜಿನಲ್ಲಿ ಕೆಲಸ, ಕಸಾಯಿಖಾನೆಯಲ್ಲಿ ಸಹ ಕೆಲಸ, ಹೀಗೆ ದೊರೆತುದನ್ನೆಲ್ಲ ಮಾಡಿದರು. ಹೋಟೆಲುಗಳಲ್ಲಿ ಗಿರಾಕಿಗಳಿಗೆ ಬಡಿಸಿದರು. ಮೋರಿಯ ಬಳಿ ನಿಂತು ಎಂಜಲು ತಟ್ಟೆಗಳನ್ನು ತೊಳೆದರು. ಬರ್ಕ್ಲಿಯಲ್ಲಿ ಫೀಸು ಏರಿದುದರಿಂದ ಅಯೋವಾಕ್ಕೆ ಹೋದರು; ಅಲ್ಲಿಂದ ವಿಸ್ಕಾನ್ಸಿನ್, ಕೊನೆಗೆ ಓಹಾಯೋ. ಅಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದರು.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ನೂರಾರು ಕನ್ನಡಿಗರನ್ನು ಕಂಡಿರುವ ಈ ನಗರದ ವಾಚಕರಿಗೆ ಆ ಜೀವನದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ದುಡಿಮೆಯೇ ಜಯಪ್ರಕಾಶರಿಗೆ ಅಲ್ಲಿ ದೊರೆತ ದೊಡ್ಡ ಪಾಠ. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಕೂಲಿಕಾರರ ನಡುವೆ ಅವರು ಸಮಾನತೆಯನ್ನು ಕಂಡರು. ವಿಸ್ಕಾನ್ಸಿನ್ನಿನಲ್ಲಿ ಮಾರ್ಕ್ಸನ ಗ್ರಂಥಗಳನ್ನು ಓದಿ ಸಮಾಜವಾದಿಯಾದರು. ತಾಯಿಯ ಕಾಯಿಲೆಯ ಸುದ್ದಿ ಬಂದುದರಿಂದ ಡಾಕ್ಟರೇಟಿನ ಆಸೆಯನ್ನು ಬಿಟ್ಟು 1929ರ ಕೊನೆಯಲ್ಲಿ ಸ್ವದೇಶಕ್ಕೆ ಮರಳಿದರು. ಇತ್ತ ಪ್ರಭಾವತಿಯವರು ಸಾಬರಮತಿ ಆಶ್ರಮದಲ್ಲಿದ್ದು ಬ್ರಹ್ಮಚರ್ಯ ವ್ರತವನ್ನು ಕೈಕೊಂಡಿದ್ದರು. ಪತ್ನಿಯ ವ್ರತವನ್ನು ಜಯಪ್ರಕಾಶರು ಜೀವನಪರ್ಯಂತ ಗೌರವಿಸಿದರು.

ಸೆರೆಮನೆಯಿಂದ ಸೆರೆಮನೆಗೆ

1932ರಲ್ಲಿ ಬಂಧಿತರಾಗಿ ನಾಸಿಕದ ಸೆರೆಮನೆಗೆ ಬಂದ ಜಯಪ್ರಕಾಶರಿಗೆ ಅಲ್ಲಿ ಅಚ್ಯುತ ಪಟವರ್ಧನ, ಮಿನೂ ಮಸಾನಿ, ಅಶೋಕ ಮೆಹತಾ ಮೊದಲಾದ ತರುಣರ ಸಹವಾಸ ದೊರೆಯಿತು. ಅಲ್ಲಿನ ಚರ್ಚೆಯ ಫಲವಾಗಿ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವು ಹುಟ್ಟಿತು. ಅದರ ಪ್ರಥಮ ಅಖಿಲ ಭಾರತ ಸಮ್ಮೇಳನವು ಅದೇ ವರುಷ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿಯೇ ಜರುಗಿತು. ಆ ಸಮಾಜವಾದಿ ಪರಂಪರೆಯಿಂದಲೇ ಮುಂದೆ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಬಂದರು. 1949ರಲ್ಲಿ ಬರಿಗೈಯಲ್ಲಿ ಈ ನಗರಕ್ಕೆ ಬಂದ ಅವರು ಹೋಟೆಲು ಕಾರ್ಮಿಕರನ್ನೂ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದುದನ್ನು ನಮ್ಮ ಹಿರಿಯರು ಬಲ್ಲರು.

1942ರ ಚಳವಳಿಯ ಕಾಲದಲ್ಲಿ ಜಯಪ್ರಕಾಶರು ಹಜಾರಿಬಾಗಿನ ಸೆರೆಮನೆಯಲ್ಲಿದ್ದರು. ಆ ವರುಷದ ದೀಪಾವಳಿಯ ರಾತ್ರಿ, ಕಾವಲುಗಾರರು ಹಬ್ಬದ ಸಂಭ್ರಮದಲ್ಲಿದ್ದಾಗ, ಧೋತರಗಳನ್ನು ಒಂದಕ್ಕೊಂದು ಗಂಟುಹಾಕಿ ಹಗ್ಗ ಮಾಡಿ, ಸಂಗಡಿಗರೊಂದಿಗೆ ಗೋಡೆ ಹಾರಿದರು. ನೇಪಾಳದ ಗಡಿಯಲ್ಲಿ ಆಜಾದ್ ದಸ್ತಾ ಎಂಬ ಗುಪ್ತ ದಳವನ್ನು ಕಟ್ಟಿದರು. 1943ರ ಸೆಪ್ಟೆಂಬರಿನಲ್ಲಿ ಪಂಜಾಬಿನ ರೈಲಿನಲ್ಲಿ ಪುನಃ ಸಿಕ್ಕಿಬಿದ್ದರು. ಲಾಹೋರಿನ ಕೋಟೆಯಲ್ಲಿ ಅವರನ್ನು ಒಂಟಿಯಾಗಿರಿಸಿ, ನಿದ್ರೆಗೊಡದೆ ವಿಚಾರಿಸಿ ಪೀಡಿಸಿದರು. 1946ರ ಏಪ್ರಿಲಿನಲ್ಲಿ ಬಿಡುಗಡೆಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕುರ್ಚಿಗಳು ಅವರಿಗೆ ದೂರವೇನೂ ಇರಲಿಲ್ಲ. ಅವರೇ ಅವುಗಳಿಂದ ದೂರವಿದ್ದರು. 1947ರಿಂದ 1953ರ ವರೆಗೆ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದರು. 1954ರಲ್ಲಿ ಬೋಧಗಯೆಯಲ್ಲಿ ತಮ್ಮ ಉಳಿದ ಆಯುಷ್ಯವನ್ನು ವಿನೋಬಾರ ಭೂದಾನ ಕಾರ್ಯಕ್ಕೆ ಅರ್ಪಿಸಿ, ಮುಂದೆ ಪಕ್ಷ ರಾಜಕೀಯವನ್ನೇ ತೊರೆದರು. 1965ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 1972ರಲ್ಲಿ ಚಂಬಲ್ ಕಣಿವೆಯ ದರೋಡೆಕಾರರು ಅವರ ಮಾತನ್ನು ನಂಬಿ ಗಾಂಧೀಜಿಯವರ ಚಿತ್ರದ ಮುಂದೆ ಬಂದೂಕುಗಳನ್ನಿರಿಸಿ ಶರಣಾದರು. ಮರುವರುಷ ಏಪ್ರಿಲ್ 15ರಂದು ಪ್ರಭಾವತಿಯವರು ಅರ್ಬುದ ರೋಗದಿಂದ ತೀರಿಕೊಂಡರು. ಅರ್ಧ ಶತಮಾನ ಮೀರಿದ ಜೊತೆ ಮುರಿಯಿತು. ಆಗಲೇ ಮಧುಮೇಹವೂ ಹೃದಯದ ತೊಂದರೆಯೂ ಅವರನ್ನು ಹಿಡಿದಿದ್ದುವು.

ಆದರೂ 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಬೆಲೆಯೇರಿಕೆ ಮತ್ತು ಲಂಚಗುಳಿತನಗಳ ವಿರುದ್ಧ ಎದ್ದು ನಿಂತು ನಾಯಕತ್ವವನ್ನು ಬೇಡಿದಾಗ, ಎಪ್ಪತ್ತೆರಡನೆಯ ವಯಸ್ಸಿನ ಸಮೀಪದಲ್ಲಿದ್ದ ಜಯಪ್ರಕಾಶರು ಒಲ್ಲೆನೆನ್ನಲಿಲ್ಲ. ಚಳವಳಿಯು ಶಾಂತಿಯುತವಾಗಿರಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಅದೇ ವರುಷ ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಸಂಪೂರ್ಣ ಕ್ರಾಂತಿಯ ಕರೆಯನ್ನು ಕೊಟ್ಟರು.

ಚಂಡೀಗಢದ ಏಕಾಂತ

1975ರ ಜೂನ್ 25ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಅವರು ಭಾಷಣ ಮಾಡಿದರು. ಅದೇ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಬೆಳಗಾಗುವ ಮೊದಲೇ ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿ ಮಲಗಿದ್ದ ಅವರನ್ನು ಎಬ್ಬಿಸಿ ಬಂಧಿಸಿದರು. ಮೊದಲು ಹರಿಯಾಣದ ಸೋಹ್ನಾ, ಬಳಿಕ ದಿಲ್ಲಿಯ ಆಸ್ಪತ್ರೆ, ಜುಲೈ ಮೊದಲ ವಾರದ ಹೊತ್ತಿಗೆ ಚಂಡೀಗಢದ ಸರಕಾರಿ ವೈದ್ಯಕೀಯ ಸಂಸ್ಥೆ. ಅಲ್ಲಿ ಕಾವಲಿನ ನಡುವೆ ಒಂಟಿಯಾಗಿ ನಾಲ್ಕು ತಿಂಗಳಿಗೂ ಮೀರಿ ಕಳೆದರು. ಮನಸ್ಸಿನ ಬೇಗೆಯನ್ನು ದಿನಚರಿಯಲ್ಲಿ ಬರೆದಿಟ್ಟರು. ಶರತ್ಕಾಲದಲ್ಲಿ ಹೊಟ್ಟೆನೋವು, ನಿಶ್ಶಕ್ತಿ ಕಾಣಿಸಿಕೊಂಡುವು. ದಿನದಿಂದ ದಿನಕ್ಕೆ ಕುಂದತೊಡಗಿದರು. ನವೆಂಬರ್ 12ರಂದು ಸರಕಾರವು ಅವರನ್ನು ಪೆರೋಲಿನ ಮೇಲೆ ಬಿಟ್ಟಿತು. ದಿಲ್ಲಿಯಲ್ಲಿ ಕೆಲವು ದಿನ ಕಳೆದ ಮೇಲೆ ಆಪ್ತರು ಮುಂಬಯಿಗೆ ಕರೆತಂದರು. ಜಸ್‌ಲೋಕಿನಲ್ಲಿ ಡಾ. ಎಂ. ಕೆ. ಮಣಿಯವರ ತಂಡವು ಪರೀಕ್ಷಿಸಿ ಚಿಕಿತ್ಸೆಯನ್ನು ಕೈಕೊಂಡಿತು. ರಕ್ತದಲ್ಲಿ ವಿಷಪದಾರ್ಥಗಳು ತುಂಬಿಕೊಂಡಿದ್ದುವು. ಮೂತ್ರಪಿಂಡಗಳು ಮರಳಿ ಚೇತರಿಸಿಕೊಳ್ಳಲಾರವೆಂಬುದು ಬೇಗನೆ ಸ್ಪಷ್ಟವಾಯಿತು.

ಬಂಧನದಲ್ಲಿ ಅವರಿಗೆ ಏನೋ ಕೇಡು ಮಾಡಲಾಯಿತೆಂಬ ಸಂಶಯವು ಆಗ ಜನರಲ್ಲಿ ಹಬ್ಬಿತು. ಜಯಪ್ರಕಾಶರ ಮನಸ್ಸಿನಲ್ಲಿಯೂ ಆ ಅನುಮಾನವು ಸುಳಿದಿತ್ತು. ಅನುಮಾನವು ಪುರಾವೆಯಾಗುವುದಿಲ್ಲ. ಬಹುಕಾಲದ ಮಧುಮೇಹವೂ ಹೃದಯದ ದೌರ್ಬಲ್ಯವೂ ಮೂತ್ರಪಿಂಡಗಳಿಗೆ ಪರಮ ವೈರಿಗಳೆಂಬುದು ಮಾತ್ರ ವೈದ್ಯಶಾಸ್ತ್ರವು ನಿಸ್ಸಂದೇಹವಾಗಿ ಬಲ್ಲ ಮಾತು. ಅದು ಹೇಗೆಂದು ತಿಳಿಯಬೇಕಾದರೆ ಈ ಅಂಗಗಳ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಶರೀರದ ಸೋಸುಬಟ್ಟೆ

ಬೆನ್ನೆಲುಬಿನ ಎಡಬಲಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ ಮಾತ್ರ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಪಾಲು ಇವೆರಡಕ್ಕೇ ಹರಿಯುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ. ಇಷ್ಟು ಚಿಕ್ಕ ಅಂಗಕ್ಕೆ ಇಷ್ಟು ರಕ್ತವೇಕೆಂದರೆ, ಅದು ಬರುವುದು ಪೋಷಣೆಗಾಗಿ ಅಲ್ಲ, ಶುದ್ಧಿಗಾಗಿ.

ಪ್ರತಿಯೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಒಂದೊಂದು ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳ ಒಂದು ಗೊಂಚಲಿದೆ. ಈ ಗೊಂಚಲಿಗೆ ಗ್ಲಾಮೆರುಲಸ್ ಎನ್ನುತ್ತಾರೆ. ಇಟಲಿಯ ಮಾಲ್ಪೀಘಿ ಎಂಬ ವೈದ್ಯನು 1666ರಲ್ಲಿ ಸೂಕ್ಷ್ಮದರ್ಶಕದಿಂದ ಇವುಗಳನ್ನು ಕಂಡು ಬರೆದಿಟ್ಟನು. ಗೊಂಚಲಿನ ಸುತ್ತ ಬಟ್ಟಲಿನಂತಹ ಒಂದು ಕೋಶವಿದೆ. ಬಟ್ಟಲಿನಿಂದ ಒಂದು ಉದ್ದನೆಯ ಸುರುಳಿ ಕೊಳವೆ ಹೊರಡುತ್ತದೆ. ಗೊಂಚಲು, ಬಟ್ಟಲು, ಕೊಳವೆ ಇವು ಹೇಗೆ ಒಂದಕ್ಕೊಂದು ಕೂಡಿಕೊಂಡಿವೆಯೆಂಬುದನ್ನು 1842ರಲ್ಲಿ ಇಂಗ್ಲೆಂಡಿನ ಬೌಮನ್ ಎಂಬುವನು ಸರಿಯಾಗಿ ವಿವರಿಸಿದನು.

ಕಾಫಿಯ ಡಿಕಾಕ್ಷನ್ ಇಳಿಸುವ ಪಾತ್ರೆಯನ್ನು ನೆನೆದರೆ ಈ ಗೊಂಚಲಿನ ಕೆಲಸ ಅರ್ಥವಾಗುತ್ತದೆ. ಪುಡಿಯು ಮೇಲೆಯೇ ನಿಲ್ಲುತ್ತದೆ, ರಸ ಮಾತ್ರ ಕೆಳಗಿಳಿಯುತ್ತದೆ. ಹಾಗೆಯೇ ಗ್ಲಾಮೆರುಲಸಿನ ಮೂರು ಪದರಗಳ ತೆಳುವಾದ ಗೋಡೆಯು ರಕ್ತಕಣಗಳನ್ನೂ ಬೆಲೆಬಾಳುವ ಪ್ರೋಟೀನುಗಳನ್ನೂ ತಡೆದು, ನೀರು, ಲವಣ, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಮೊದಲಾದ ಸಣ್ಣ ಪದಾರ್ಥಗಳನ್ನು ಮಾತ್ರ ಬಟ್ಟಲಿಗೆ ಬಿಡುತ್ತದೆ. ಡಿಕಾಕ್ಷನ್ ತನ್ನ ಭಾರದಿಂದ ತಾನೇ ಇಳಿಯುವುದು. ಇಲ್ಲಿ ಸೋಸುವ ಶಕ್ತಿ ಹೃದಯದ ಒತ್ತಡದಿಂದ ಬರುತ್ತದೆ. ಗೊಂಚಲಿನೊಳಕ್ಕೆ ಬರುವ ನಾಳವು ಅಗಲ, ಹೊರಹೋಗುವ ನಾಳವು ಕಿರಿದು. ಆದುದರಿಂದ ನಡುವೆ ಒತ್ತಡವು ನಿಂತು ದ್ರವವು ಹೊರಕ್ಕೆ ಜಿನುಗುತ್ತದೆ. ರಕ್ತದ ಒತ್ತಡವು ತೀರ ಕುಸಿದರೆ ಸೋಸುವ ಕೆಲಸವೇ ನಿಲ್ಲುತ್ತದೆ. ಒತ್ತಡವು ವರುಷಗಟ್ಟಲೆ ಏರಿಯೇ ಇದ್ದರೆ ಸೋಸುವ ಗೋಡೆಯೇ ಹಾಳಾಗುತ್ತದೆ.

ಹೀಗೆ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ಎಂದರೆ ಚಿಕ್ಕ ಚಹಾ ಗ್ಲಾಸೊಂದು ತುಂಬುವಷ್ಟು, ದ್ರವ ಸೋಸಿ ಬರುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 180 ಲೀಟರ್. ಇಪ್ಪತ್ತು ಲೀಟರಿನ ಒಂಬತ್ತು ಕ್ಯಾನುಗಳಷ್ಟು! ಆದರೆ ನಾವು ದಿನಕ್ಕೆ ವಿಸರ್ಜಿಸುವ ಮೂತ್ರವು ಒಂದೂವರೆ ಲೀಟರಿನ ಆಸುಪಾಸು. ಉಳಿದುದೆಲ್ಲ ಏನಾಯಿತು? ಸುರುಳಿ ಕೊಳವೆಯಲ್ಲಿ ಹರಿಯುವಾಗ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಪುನಃ ರಕ್ತಕ್ಕೆ ಹಿಂದಿರುಗುತ್ತದೆ. ದೀಪಾವಳಿಯ ಮೊದಲು ಉಗ್ರಾಣವನ್ನು ಚೊಕ್ಕಟ ಮಾಡುವವರು ಸಾಮಾನುಗಳನ್ನೆಲ್ಲ ಹೊರಗಿಟ್ಟು, ಬೇಕಾದುದನ್ನು ಮಾತ್ರ ಆರಿಸಿ ಒಳಗಿಡುತ್ತಾರಲ್ಲವೆ? ಮೂತ್ರಪಿಂಡದ ಕ್ರಮವೂ ಅದೇ. ಇದು ವಿಷವೋ ಅಲ್ಲವೋ ಎಂದು ಒಂದೊಂದನ್ನೂ ಗುರುತಿಸುವ ಗೋಜು ಅದಕ್ಕಿಲ್ಲ. ಬೇಕೆಂದು ಆರಿಸಿಕೊಳ್ಳದೆ ಉಳಿದುದು ತಾನಾಗಿ ಹೊರಬೀಳುತ್ತದೆ.

ಕಸ ತೆಗೆಯುವುದೊಂದೇ ಇವುಗಳ ಕೆಲಸವಲ್ಲ. ರಕ್ತದ ಒತ್ತಡವನ್ನು ಹದದಲ್ಲಿಡುವುದು, ಉಪ್ಪಿನ ಮತ್ತು ಆಮ್ಲದ ಪ್ರಮಾಣವನ್ನು ಸರಿಪಡಿಸುವುದು, ಹೊಸ ರಕ್ತಕಣಗಳನ್ನು ಹುಟ್ಟಿಸಲು ಎಲುಬಿನ ಮಜ್ಜೆಗೆ ಪ್ರೇರಣೆ ಕೊಡುವುದು, ಎಲುಬುಗಳಿಗೆ ಬೇಕಾದ ಡಿ ಜೀವಸತ್ವವನ್ನು ಸಿದ್ಧಪಡಿಸುವುದು ಇವೂ ಅವುಗಳ ಹೊಣೆಯೇ.

ಹೀಗಿರುವಾಗ ಮಧುಮೇಹವು ಮಾಡುವ ಕೇಡೇನು? ರಕ್ತದಲ್ಲಿ ಹೆಚ್ಚಾದ ಸಕ್ಕರೆಯು ವರುಷಗಳ ಕಾಲ ಗ್ಲಾಮೆರುಲಸಿನ ಗೋಡೆಯನ್ನು ದಪ್ಪಗೊಳಿಸಿ ಕೆಡಿಸುತ್ತದೆ. ಬಟ್ಟೆ ಹರಿದರೆ ಕಾಫಿಯ ಪುಡಿಯು ರಸಕ್ಕೆ ಇಳಿಯುವಂತೆ, ತಡೆಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಕೆಟ್ಟುಹೋದ ನೆಫ್ರಾನಿನ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ. ಉಳಿದವು ಅದರ ಪಾಲಿನ ದುಡಿಮೆಯನ್ನೂ ಹೊರುತ್ತವೆ. ಎಂಟು ಮಂದಿ ದುಡಿಯುವ ಅಡಿಗೆಮನೆಯಲ್ಲಿ ನಾಲ್ವರು ಊರಿಗೆ ಹೋದರೂ, ಉಳಿದ ನಾಲ್ವರು ಇಮ್ಮಡಿ ದುಡಿದು ದೋಸೆ, ಇಡ್ಲಿಗಳನ್ನು ಹೊತ್ತಿಗೆ ಸರಿಯಾಗಿ ಹೊರಗೆ ಕಳುಹಿಸುತ್ತಾರೆ. ಮೇಜಿನ ಮುಂದೆ ಕುಳಿತ ಗಿರಾಕಿಗೆ ಒಳಗಿನ ಕಷ್ಟ ತಿಳಿಯದು. ಮೂತ್ರಪಿಂಡದ ರೋಗವು ನಮ್ಮನ್ನು ಮೋಸಗೊಳಿಸುವುದು ಹೀಗೆಯೇ. ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುವವರೆಗೂ ನೋವಿಲ್ಲ, ನರಳುವಿಕೆಯಿಲ್ಲ. ಸೋಸುವ ಪ್ರಮಾಣವು ನಿಮಿಷಕ್ಕೆ 15 ಮಿಲಿಲೀಟರಿಗಿಂತ ಕೆಳಗಿಳಿದಾಗ ವಾಂತಿ, ಬಾವು, ಉಬ್ಬಸ, ಮಂಕು ಕವಿಯುವುದು ಎಲ್ಲವೂ ಒಮ್ಮೆಲೇ ಮುತ್ತುತ್ತವೆ. ಆಗ ಯಂತ್ರವೋ ಬದಲಿ ಮೂತ್ರಪಿಂಡವೋ ಇಲ್ಲದೆ ಬದುಕು ಬಹಳ ದಿನ ಸಾಗದು.

ಒಂದೊಂದು ರೂಪಾಯಿಯ ಯಂತ್ರ

ಜಯಪ್ರಕಾಶರನ್ನು ಉಳಿಸಿದ್ದು ಡಯಾಲಿಸಿಸ್ ಎಂಬ ಕ್ರಮ. ರೋಗಿಯ ರಕ್ತವನ್ನು ನಳಿಗೆಯ ಮೂಲಕ ಹೊರತಂದು, ಅತಿ ತೆಳುವಾದ ಪೊರೆಯ ಒಂದು ಬದಿಯಲ್ಲಿ ಹರಿಸುತ್ತಾರೆ. ಇನ್ನೊಂದು ಬದಿಯಲ್ಲಿ ಹದವಾದ ಲವಣಜಲ ಹರಿಯುತ್ತದೆ. ರಕ್ತದಲ್ಲಿನ ಯೂರಿಯಾದಂತಹ ಕಶ್ಮಲಗಳು ಪೊರೆಯನ್ನು ದಾಟಿ ನೀರಿಗೆ ಸೇರುತ್ತವೆ. ಶುದ್ಧವಾದ ರಕ್ತವು ಶರೀರಕ್ಕೆ ಹಿಂದಿರುಗುತ್ತದೆ. ಈ ವಿದ್ಯೆಯೂ ಒಂದು ರೀತಿಯಲ್ಲಿ ಅಡಿಗೆಯ ಸಾಮಗ್ರಿಯಿಂದಲೇ ಹುಟ್ಟಿತೆನ್ನಬಹುದು. 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ಕೋಲ್ಫ್ ಎಂಬ ತರುಣ ವೈದ್ಯನು ಮಾಂಸದ ಸಾಸೇಜು ತುಂಬುವ ಸೆಲೋಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ ಮೊದಲ ಯಂತ್ರವನ್ನು ಮಾಡಿದನು. 1945ರಲ್ಲಿ ಅದರಿಂದ ಮೊದಲ ಜೀವ ಉಳಿಯಿತು. ಆದರೆ ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ದೀರ್ಘಕಾಲ ನಡೆಸುವಂತಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸ್ಕ್ರಿಬ್ನರ್ ಎಂಬ ವೈದ್ಯನು ತೋಳಿನಲ್ಲಿಯೇ ಉಳಿಯುವ ಟೆಫ್ಲಾನ್ ನಳಿಗೆಯನ್ನು ಕಂಡುಹಿಡಿದನು. ಅವನ ಮೊದಲ ರೋಗಿಯು ಹನ್ನೊಂದು ವರುಷ ಬದುಕಿದನು.

ಈ ಚಿಕಿತ್ಸೆಗೆ ಕೊನೆಯಿಲ್ಲ. ವಾರಕ್ಕೆ ಎರಡು ಮೂರು ಸಲ, ಗಂಟೆಗಟ್ಟಲೆ, ಯಂತ್ರದ ಪಕ್ಕದಲ್ಲಿ ಮಲಗಬೇಕು. 180 ಲೀಟರುಗಳನ್ನು ಹಗಲಿರುಳು ಸೋಸುವ ಅಂಗದ ಕೆಲಸವನ್ನು ಯಂತ್ರವು ಕೆಲವು ಗಂಟೆಗಳಲ್ಲಿ ಅಷ್ಟಿಷ್ಟು ಮಾಡಬಲ್ಲುದೇ ಹೊರತು ಪೂರ್ತಿಯಾಗಿ ಅಲ್ಲ. ಕುಡಿಯುವ ನೀರಿಗೂ ಅಳತೆ, ಉಪ್ಪಿಗೆ ಕಡಿವಾಣ, ಎಳನೀರು, ಬಾಳೆಹಣ್ಣುಗಳಂತಹವು ಸಹ ಅಪಾಯ. ರಕ್ತಹೀನತೆ ಬೆನ್ನು ಬಿಡುವುದಿಲ್ಲ.

1975ರಲ್ಲಿ ಇಂತಹ ಯಂತ್ರಗಳು ಭಾರತದಲ್ಲಿ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಮಾತ್ರ ಇದ್ದುವು. ಖರ್ಚು ಶ್ರೀಮಂತರಿಗೂ ಭಾರವಾಗುವಂತಹುದು. ಸ್ವಂತ ಆಸ್ತಿಯೆಂಬುದೇ ಇಲ್ಲದ ಜಯಪ್ರಕಾಶರಿಗಾಗಿ ಮಿತ್ರರು ನಿಧಿಯೊಂದನ್ನು ತೆರೆದು, ಜನರಿಂದ ಒಂದೊಂದು ರೂಪಾಯಿಯನ್ನು ಬೇಡಿದರು. ವೃತ್ತಪತ್ರಿಕೆಗಳ ಬಾಯಿ ಕಟ್ಟಿದ್ದ, ಅವರ ಹೆಸರನ್ನು ಎತ್ತುವುದಕ್ಕೂ ಜನರು ಅಂಜುತ್ತಿದ್ದ ಆ ದಿನಗಳಲ್ಲಿಯೂ ಹಣ ಬಂದಿತು. ಪ್ರಧಾನ ಮಂತ್ರಿ ಇಂದಿರಾ ಗಾಂಧಿಯವರು ಪ್ರಧಾನಿಯ ಪರಿಹಾರ ನಿಧಿಯಿಂದ 90,000 ರೂಪಾಯಿಗಳನ್ನು ಕಳುಹಿಸಿದರು. ಜಯಪ್ರಕಾಶರು ಅದನ್ನು ಇಟ್ಟುಕೊಳ್ಳಲಿಲ್ಲ. ಜನರ ಚಿಲ್ಲರೆ ಹಣದಿಂದಲೇ ಯಂತ್ರವನ್ನು ಕೊಂಡರು. ಅದು ಪಟ್ನಾದ ಅವರ ನಿವಾಸದಲ್ಲಿ ಕೆಲಸ ಮಾಡಿತು.

ಯಂತ್ರದ ನೆರವಿನಿಂದ ಮಹಾಕಾರ್ಯ

ಯಂತ್ರಕ್ಕೆ ಕಟ್ಟಿಬಿದ್ದ ಮನುಷ್ಯನಿಗೆ ಇನ್ನೇನು ರಾಜಕೀಯವೆಂದು ಆಳುವವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರ ಜೀವಮಾನದ ಅತಿ ದೊಡ್ಡ ಕೆಲಸವು ನಡೆದುದು ಆಗಲೇ. 1976ರಲ್ಲಿ ಹೊರಗಿದ್ದ ವಿರೋಧ ಪಕ್ಷಗಳ ನಾಯಕರು ಮುಂಬಯಿಗೆ ಬಂದು ಅವರನ್ನು ಕಂಡರು. ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದ ಪಕ್ಷಗಳಿಗೆ, ಒಂದಾಗದಿದ್ದರೆ ಉಳಿಗಾಲವಿಲ್ಲವೆಂದು ಅವರು ಪಟ್ಟುಹಿಡಿದು ಹೇಳಿದರು. 1977ರ ಜನವರಿ 18ರಂದು ಚುನಾವಣೆಯ ಘೋಷಣೆಯಾದ ಕೆಲವೇ ದಿನಗಳಲ್ಲಿ ಜನತಾ ಪಕ್ಷವು ರೂಪುಗೊಂಡಿತು. ಒಂದು ದಿನ ಯಂತ್ರದ ಪಕ್ಕದಲ್ಲಿ ಮಲಗುವುದು, ಮರುದಿನ ಸಭೆಯಲ್ಲಿ ಕುಳಿತಲ್ಲಿಂದಲೇ ಮೆಲುದನಿಯಲ್ಲಿ ಮಾತನಾಡುವುದು, ಪುನಃ ಯಂತ್ರದ ಬಳಿಗೆ ಬರುವುದು, ಹೀಗೆ 74ನೆಯ ವಯಸ್ಸಿನಲ್ಲಿ ಅವರು ಪ್ರಚಾರ ನಡೆಸಿದರು. ಮಾರ್ಚಿನ ಚುನಾವಣೆಯಲ್ಲಿ ಆಳುವ ಪಕ್ಷವು ಸೋತಿತು. ಸ್ವತಂತ್ರ ಭಾರತದ ಕೇಂದ್ರದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರವು ಬಂದಿತು. ಮಾರ್ಚ್ 24ರಂದು ರಾಜಘಾಟಿನಲ್ಲಿ ಹೊಸ ಸದಸ್ಯರಿಂದ ಪ್ರತಿಜ್ಞೆ ಮಾಡಿಸಿದರು. ತಾವು ಯಾವ ಪದವಿಯನ್ನೂ ಸ್ವೀಕರಿಸಲಿಲ್ಲ. ಸೋತ ಇಂದಿರಾ ಗಾಂಧಿಯವರ ಮನೆಗೆ ತಾವಾಗಿ ಹೋಗಿ ಮಾತನಾಡಿಸಿ ಬಂದರು. ಆಕೆಯ ತಾಯಿ ಕಮಲಾ ನೆಹರೂ ಅವರು ಪ್ರಭಾವತಿಯವರ ಆಪ್ತ ಗೆಳತಿ.

ಅದೇ ವರುಷ ಮೇ ತಿಂಗಳಲ್ಲಿ ಚಿಕಿತ್ಸೆಗಾಗಿ ಅವರನ್ನು ಸಿಯಾಟಲಿಗೆ ಕರೆದೊಯ್ದರು. ದೀರ್ಘಕಾಲದ ಡಯಾಲಿಸಿಸ್ ಹುಟ್ಟಿದ ಊರು ಅದು. ಅದೇ ಪಡುವಣ ಕರಾವಳಿಗೆ ಐವತ್ತೈದು ವರುಷಗಳ ಹಿಂದೆ ಅವರು ಕೂಲಿ ಹುಡುಕುವ ವಿದ್ಯಾರ್ಥಿಯಾಗಿ ಬಂದಿಳಿದಿದ್ದರು.

ಬದುಕಿರುವಾಗಲೇ ಶೋಕಾಚರಣೆ

ತಾವು ಕೂಡಿಸಿದವರು ಕುರ್ಚಿಗಾಗಿ ಕಚ್ಚಾಡುವುದನ್ನು ನೋಡುವ ದುಃಖವೂ ಅವರ ಪಾಲಿಗೆ ಬಂದಿತು. 1979ರ ಮಾರ್ಚಿನಲ್ಲಿ ಅವರು ಪುನಃ ಜಸ್‌ಲೋಕಿನಲ್ಲಿ ತೀವ್ರ ಅಸ್ವಸ್ಥರಾಗಿದ್ದಾಗ, ಅವರು ತೀರಿಕೊಂಡರೆಂಬ ಸುಳ್ಳು ಸುದ್ದಿಯು ದಿಲ್ಲಿಗೆ ತಲುಪಿತು. ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲಿ ಅದನ್ನು ಸಾರಿದರು. ಆಗ ಲೋಕಸಭೆಯ ಸಭಾಧ್ಯಕ್ಷರಾಗಿದ್ದವರು ನಮ್ಮ ಜಿಲ್ಲೆಯವರೇ ಆದ ಕೆ. ಎಸ್. ಹೆಗ್ಡೆಯವರು. ಸದನವು ಶ್ರದ್ಧಾಂಜಲಿಯನ್ನು ಸಲ್ಲಿಸಿ ಮುಂದೂಡಲ್ಪಟ್ಟಿತು. ಆಸ್ಪತ್ರೆಯ ಮುಂದೆ ಜನಸಾಗರ ನೆರೆಯಿತು. ಜಯಪ್ರಕಾಶರು ಮಾತ್ರ ಜೀವಂತರಾಗಿದ್ದರು. ಚೇತರಿಸಿಕೊಂಡು ಪಟ್ನಾಕ್ಕೂ ಮರಳಿದರು.

ಅದೇ ವರುಷದ ಜುಲೈಯಲ್ಲಿ ಮೊರಾರ್ಜಿಯವರ ಸರಕಾರವು ಮುರಿದುಬಿತ್ತು. 1979ರ ಅಕ್ಟೋಬರ್ 8ರ ಬೆಳಗ್ಗೆ, ಎಪ್ಪತ್ತೇಳು ತುಂಬಲು ಮೂರು ದಿನಗಳಿರುವಾಗ, ಪಟ್ನಾದ ಕದಮ್ ಕುವಾದ ತಮ್ಮ ನಿವಾಸದಲ್ಲಿ ಜಯಪ್ರಕಾಶರು ಇಹಲೋಕವನ್ನು ತ್ಯಜಿಸಿದರು. 1999ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನವು ಸಂದಿತು.

ನಮಗಿರುವ ಪಾಠ

ಜಯಪ್ರಕಾಶರಿಗಾಗಿ ದೇಶವು ಒಂದೊಂದು ರೂಪಾಯಿ ಕೂಡಿಸಿತು. ನಮ್ಮ ಭಟ್ಟಿಯ ಮುಂದೆ ನಿಲ್ಲುವ ಅಡಿಗೆಯವನಿಗಾಗಿ, ಗಲ್ಲೆಯ ಮೇಲೆ ಕೂರುವವನಿಗಾಗಿ, ಕಚೇರಿಯ ಗುಮಾಸ್ತನಿಗಾಗಿ ಅಂತಹ ನಿಧಿ ಕೂಡುವುದು ಕಷ್ಟ. ಈಗ ಡಯಾಲಿಸಿಸ್ ಅಪರೂಪವಲ್ಲ ನಿಜ. 2016ರಿಂದ ಬಡವರಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೂ ಆರಂಭವಾಗಿದೆ. ಆದರೂ ವಾರಕ್ಕೆ ಮೂರು ದಿನ ಯಂತ್ರದ ಪಕ್ಕದಲ್ಲಿ ಕಳೆಯುವವನ ಕೆಲಸವೇನಾದೀತು, ಊರಿಗೆ ಕಳುಹಿಸುವ ಹಣವೇನಾದೀತು ಎಂಬುದನ್ನು ಪ್ರತಿಯೊಬ್ಬ ದುಡಿಮೆಗಾರನೂ ಯೋಚಿಸಬೇಕು.

ತಡೆಯುವ ಉಪಾಯವು ಕಠಿನವಲ್ಲ. ಸಕ್ಕರೆ ರೋಗವಾಗಲಿ ರಕ್ತದೊತ್ತಡವಾಗಲಿ ಇದ್ದವರು ಮದ್ದನ್ನು ತಪ್ಪಿಸಬಾರದು. ವರುಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನಿದೆಯೇ ಎಂದು ನೋಡಿಸಬೇಕು. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಕ್ರಿಯಾಟಿನಿನ್ನಿನ ಪ್ರಮಾಣದಿಂದಲೇ ಗ್ಲಾಮೆರುಲಸುಗಳು ನಿಮಿಷಕ್ಕೆ ಎಷ್ಟು ಸೋಸುತ್ತವೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆ ಲೆಕ್ಕವು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ರೋಗದ ಲಕ್ಷಣ. ಮೂತ್ರದಲ್ಲಿ ಆರದ ನೊರೆ, ಬೆಳಗ್ಗೆ ಮುಖದಲ್ಲಿ ಅಥವಾ ಸಂಜೆ ಕಾಲಿನಲ್ಲಿ ಬಾವು ಕಂಡರೆ ತಡಮಾಡಬಾರದು. ದಿನವಿಡೀ ನಿಂತು ದುಡಿದು ಮೈಕೈ ನೋವೆಂದು ಮದ್ದಿನಂಗಡಿಯಿಂದ ತಾವೇ ಕೊಂಡು ದಿನಾ ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ಕುಗ್ಗಿಸುತ್ತವೆ. ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು. ಬೆಂಕಿಯ ಮುಂದೆ ದುಡಿಯುವವರು, ವೈದ್ಯರು ಬೇಡವೆಂದು ಹೇಳದಿದ್ದಲ್ಲಿ, ಬೆವರಿದಷ್ಟು ನೀರನ್ನು ಹೊತ್ತು ಹೊತ್ತಿಗೆ ಕುಡಿಯಬೇಕು. ಮಾಲಕರು ಕೆಲಸದ ನಡುವೆ ಅದಕ್ಕೆ ಬಿಡುವು ಕೊಡುವುದು ಉಪಕಾರವಲ್ಲ, ಕರ್ತವ್ಯ.

ಬ್ರಿಟಿಷರ ಸೆರೆಮನೆಯ ಗೋಡೆಯನ್ನು ಜಯಪ್ರಕಾಶರು ಹಾರಿದರು. ಸ್ವದೇಶದ ಸರಕಾರದ ಸೆರೆಯಿಂದಲೂ ಹೊರಬಂದರು. ಯಂತ್ರದ ಸೆರೆಯಿಂದ ಮಾತ್ರ ಅವರಿಗೆ ಬಿಡುಗಡೆ ದೊರೆಯಲಿಲ್ಲ. ಆ ಸೆರೆಯೊಳಗಿದ್ದೇ ದೇಶಕ್ಕೆ ಬಿಡುಗಡೆ ತಂದರು. ಅವರ ಧೈರ್ಯವು ಎಲ್ಲರಿಗೂ ಸಾಧ್ಯವಾಗಲಾರದು. ವರುಷಕ್ಕೊಂದು ಸಲ ರಕ್ತ ಮೂತ್ರಗಳನ್ನು ಪರೀಕ್ಷೆಗೆ ಕೊಡುವುದು ಎಲ್ಲರಿಗೂ ಸಾಧ್ಯ. ಈ ವಾರದ ರಜೆಯ ದಿನವೇ ವಾಚಕರು ಆ ಕೆಲಸವನ್ನು ಮಾಡಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ.